ತಡೆದು ತಡೆದು ಕಟ್ಟಿದ ಹೊಟ್ಟೆ

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ವಯಸ್ಸು 47. ಎಂಟು ವರ್ಷಗಳಿಂದ ಮಲಬದ್ಧತೆ ಕಾಡುತ್ತಿದೆ. ವಾರಕ್ಕೆ ಎರಡು ಸಲ ಸಂಡಾಸಾದರೆ ಪುಣ್ಯ. ಅದೂ ಆಡಿನ ಹಿಕ್ಕೆಯಂತೆ ಗಟ್ಟಿ. ಅರ್ಧ ಗಂಟೆ ಕೂತು ತಿಣುಕಿದರೂ ಪೂರ್ತಿ ಆಯಿತು ಅನಿಸುವುದಿಲ್ಲ. ಬರೆಯಲು ನಾಚಿಕೆ, ಕೆಲವೊಮ್ಮೆ ಬೆರಳಿನಿಂದ ಒತ್ತಬೇಕಾಗುತ್ತದೆ. ಜೊತೆಯ ಶಿಕ್ಷಕಿಯೊಬ್ಬರು ಹೇಳಿದರೆಂದು ರಾತ್ರಿ ಒಂದು ಚಮಚ ಚೂರ್ಣ ಶುರು ಮಾಡಿದೆ. ಈಗ ಮೂರು ಚಮಚಕ್ಕೆ ಬಂದಿದೆ. ಬಿಟ್ಟರೆ ಏನೂ ಇಲ್ಲ. ತಿಂಗಳಿಗೊಂದು ಭಾನುವಾರ ಹರಳೆಣ್ಣೆ ಕುಡಿದು ಹೊಟ್ಟೆ ಪೂರ್ತಿ ಖಾಲಿ ಮಾಡಿಕೊಳ್ಳುತ್ತೇನೆ. ಬಿ.ಪಿ.ಗೆ ಅಮ್ಲೋಡಿಪಿನ್, ರಕ್ತ ಕಡಿಮೆಯೆಂದು ಕಬ್ಬಿಣದ ಮಾತ್ರೆ, ಮೊಣಕಾಲು ನೋವಿಗೆ ಕ್ಯಾಲ್ಸಿಯಂ ನಡೆದಿವೆ. ಬೆಳಗ್ಗೆ ಏಳೂವರೆಗೆ ಬಸ್ಸು, ಮನೆ ಸೇರುವಾಗ ಸಂಜೆ ಆರು. ಕರುಳಿನ ಕ್ಯಾನ್ಸರ್ ಇರಬಹುದೇ? ಚೂರ್ಣ ಬಿಡುವುದು ಹೇಗೆ? ಇಂಗ್ಲಿಷ್ ಔಷಧಿ ತಗೊಂಡರೆ ಅದೂ ರೂಢಿಯಾಗಿಬಿಡುತ್ತದಲ್ಲವೇ? ಮನೆಯವರಿಗೂ ಇದನ್ನು ಹೇಳಿಲ್ಲ. ಶಾಲೆಯಲ್ಲಿ ನಾವು ಬಳಸುವಂಥ ಶೌಚಾಲಯ ಇಲ್ಲದ್ದರಿಂದ ನೀರು ಕುಡಿಯುವುದೂ ಕಡಿಮೆಯೇ.
– ಒಬ್ಬ ಅಕ್ಕೋರು

ಉತ್ತರ: ಅಕ್ಕೋರೇ, ಹೆದರಿಕೆಯ ಮಾತನ್ನು ಮೊದಲು ಮುಗಿಸೋಣ. ಎಂಟು ವರ್ಷದಿಂದ ಹೆಚ್ಚೂಕಡಿಮೆ ಒಂದೇ ರೀತಿ ಇರುವ ಮಲಬದ್ಧತೆ ಕ್ಯಾನ್ಸರಿನಿಂದ ಆಗಿರುವ ಸಂಭವ ಬಹಳ ಕಡಿಮೆ. ವೈದ್ಯರು ಕಿವಿ ನಿಮಿರಿಸುವುದು ಬೇರೆ ಲಕ್ಷಣಗಳಿಗೆ. ಅಲ್ಲಿಯವರೆಗೆ ಸರಿಯಿದ್ದ ಹೊಟ್ಟೆಯ ರೀತಿ 45–50 ವರ್ಷದ ನಂತರ ಕೆಲವೇ ವಾರಗಳಲ್ಲಿ ಬದಲಾಗುವುದು, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ತಂದೆತಾಯಿಗೋ ಒಡಹುಟ್ಟಿದವರಿಗೋ ದೊಡ್ಡ ಕರುಳಿನ ಕ್ಯಾನ್ಸರ್ ಆಗಿರುವುದು, ಮತ್ತು ರಕ್ತಹೀನತೆ. ಇವುಗಳಲ್ಲಿ ಕೊನೆಯದು ನಿಮಗಿದೆ. ರಕ್ತ ಕಡಿಮೆಯೆಂದು ಮಾತ್ರೆ ಬರೆದುಕೊಟ್ಟವರು ಅದು ಏಕೆ ಕಡಿಮೆಯಾಯಿತೆಂದು ನೋಡಿದರೋ ಇಲ್ಲವೋ ನಿಮ್ಮ ಪತ್ರದಿಂದ ತಿಳಿಯಲಿಲ್ಲ. ನಿಮ್ಮ ವಯಸ್ಸಿನ ಹೆಂಗಸರಲ್ಲಿ ಮುಟ್ಟಿನ ಅತಿಸ್ರಾವವೇ ಮಾಮೂಲಿ ಕಾರಣ. ಮೂಲವ್ಯಾಧಿಯಿಂದ ಹನಿಹನಿಯಾಗಿ ರಕ್ತ ಹೋಗಿಯೂ ಹಾಗಾಗುತ್ತದೆ. ಆದರೆ ಇಂಥ ಕಡೆ ಊಹೆ ಸಾಲದು. ಕಾರಣ ಸಿಗದಿದ್ದರೆ ಒಂದು ಸಲ ಕೊಲೊನೋಸ್ಕೋಪಿ ಮಾಡಿಸಿಕೊಳ್ಳುವುದೇ ಸರಿ. ಕಬ್ಬಿಣದ ಮಾತ್ರೆ ನುಂಗುವವರ ಮಲ ಕಪ್ಪಗಿರುತ್ತದೆ, ಅದನ್ನು ಕಂಡು ಗಾಬರಿ ಬೇಡ. ಕಪ್ಪಿನ ಜೊತೆಗೆ ಅಂಟಂಟಾಗಿ, ಕೆಟ್ಟ ನಾತ ಬರುವಂತಿದ್ದರೆ ಮಾತ್ರ ತಡಮಾಡದೆ ತೋರಿಸಿ.

ಇನ್ನು ಕಾಯಿಲೆಯ ಬೇರಿಗೆ ಬರೋಣ. ಪತ್ರದ ತುಂಬ ಚೂರ್ಣ, ಮಾತ್ರೆ, ಹರಳೆಣ್ಣೆಯ ವಿಚಾರ ಬರೆದು, ಕೊನೆಯಲ್ಲಿ ಹೋಗುತ್ತ ಹೋಗುತ್ತ ಶೌಚಾಲಯದ ಮಾತು ಆಡಿದ್ದೀರಿ. ನನ್ನ ಮಟ್ಟಿಗೆ ನಿಮ್ಮ ಕಾಯಿಲೆಯ ದೊಡ್ಡ ಪಾಲು ಆ ಒಂದು ವಾಕ್ಯದಲ್ಲಿದೆ. ಬೆಳಗ್ಗೆ ಬಸ್ಸಿನ ಗಡಿಬಿಡಿ, ಇಡೀ ದಿನ ಹೋಗಲು ಜಾಗವಿಲ್ಲ, ಸಂಜೆ ಮನೆಗೆ ಬರುವಷ್ಟರಲ್ಲಿ ಕರೆ ಬಂದದ್ದು ಹೋಗಿರುತ್ತದೆ. ಶಿಕ್ಷಕಿಯರು, ಬಸ್ ಕಂಡಕ್ಟರ್ ಹೆಣ್ಣುಮಕ್ಕಳು, ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು, ಸಂತೆಯಲ್ಲಿ ಕಾಯಿಪಲ್ಯ ಮಾರುವವರು, ಇವರೆಲ್ಲ ಹೇಳಿಕೊಳ್ಳುವುದು ಇದನ್ನೇ. ಇದು ಹೊಟ್ಟೆಯ ದೌರ್ಬಲ್ಯ ಎಂದು ಅವರು ತಿಳಿದಿರುತ್ತಾರೆ. ದಿನವೂ ಬಂದ ಒತ್ತಡವನ್ನು ತಡೆದು ತಡೆದು ಕರುಳಿಗೆ ನಾವೇ ಕಲಿಸಿದ ಪಾಠ ಅದು.

ಆ ಪಾಠ ನಡೆಯುವ ಬಗೆ ಹೀಗೆ. ಸಣ್ಣ ಕರುಳಿನಿಂದ ದಿನಕ್ಕೆ ಸುಮಾರು ಒಂದೂವರೆ ಲೀಟರ್ ದ್ರವ ದೊಡ್ಡ ಕರುಳಿಗೆ ಇಳಿಯುತ್ತದೆ. ದೊಡ್ಡ ಕರುಳು ಅದರಲ್ಲಿ ಹೆಚ್ಚಿನ ಪಾಲನ್ನು ಹೀರಿ ದೇಹಕ್ಕೆ ಹಿಂತಿರುಗಿಸುತ್ತದೆ. ಮಲದಲ್ಲಿ ಉಳಿಯುವ ನೀರು ಸ್ವಲ್ಪವೇ. ಮಲ ಅಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ನೀರು ಹೀರಿಕೊಂಡು ಗಟ್ಟಿಯಾಗುತ್ತ ಹೋಗುತ್ತದೆ. ಮಲಾಶಯ ತುಂಬಿ ಅದರ ಗೋಡೆ ಹಿಗ್ಗಿದಾಗ ನಮಗೆ ಕರೆ ಬರುತ್ತದೆ. ತಡೆದರೆ ಕೆಲವು ನಿಮಿಷಗಳಲ್ಲಿ ಆ ಭಾವ ಇಳಿದುಹೋಗುತ್ತದೆ, ಮಲ ಹಿಂದಕ್ಕೆ ಸರಿಯುತ್ತದೆ. ವರ್ಷಗಟ್ಟಲೆ ಹೀಗೆ ಮಾಡಿದರೆ ಗೋಡೆ ಸಡಿಲಾಗಿ, ಮೊದಲು ಇಷ್ಟು ತುಂಬಿದಾಗ ಬರುತ್ತಿದ್ದ ಕರೆ ಈಗ ಅದರ ಎರಡರಷ್ಟು ತುಂಬಿದರೂ ಬರುವುದಿಲ್ಲ. ಬಂದಾಗ ಒಳಗಿರುವುದು ಒಣಗಿ ಗಟ್ಟಿಯಾದ ಉಂಡೆ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಏಳನೆಯ ಅಧ್ಯಾಯದಲ್ಲಿ ತಡೆಯಬಾರದ ದೇಹದ ಹದಿಮೂರು ವೇಗಗಳ ವಿವರವಿದೆ. ಆ ಪಟ್ಟಿ ಶುರುವಾಗುವುದೇ ಮೂತ್ರ, ಮಲಗಳಿಂದ. ಆಯುರ್ವೇದದ ಹೆಸರು ಹೇಳಿ ಡಬ್ಬಿಯಲ್ಲಿ ಚೂರ್ಣ ಮಾರುವವರು ಈ ಅಧ್ಯಾಯವನ್ನು ಮಾತ್ರ ಯಾಕೋ ಹೇಳುವುದಿಲ್ಲ, ಅದು ನನಗೆ ಬೇಸರದ ಸಂಗತಿ.

ಲೆಕ್ಕದ ವಿಷಯದಲ್ಲೂ ಒಂದು ಮಾತು. ದಿನಕ್ಕೊಮ್ಮೆ ಹೋಗಲೇಬೇಕು ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ವೈದ್ಯಶಾಸ್ತ್ರ ಹಾಗೆ ಹೇಳುವುದಿಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ, ತಿಣುಕದೆ ಮೆತ್ತಗೆ ಆಗುತ್ತಿದ್ದರೆ ಎಲ್ಲವೂ ಸಹಜವೇ. ಎಣಿಕೆಗಿಂತ ಮಲದ ರೂಪ ಹೆಚ್ಚು ಹೇಳುತ್ತದೆ. 1997ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ನಗರದ ವೈದ್ಯರು ಮಲವನ್ನು ರೂಪಕ್ಕೆ ತಕ್ಕಂತೆ ಏಳು ಬಗೆಯಾಗಿ ವಿಂಗಡಿಸಿದ ಒಂದು ಪಟ್ಟಿ ಪ್ರಕಟಿಸಿದರು. ಇವತ್ತಿಗೂ ಜಗತ್ತಿನ ಹಲವೆಡೆ ಅದು ಚಾಲ್ತಿಯಲ್ಲಿದೆ. ಬಿಡಿಬಿಡಿ ಹಿಕ್ಕೆಯಂಥದ್ದು ಒಂದನೆಯದು, ಗಂಟುಗಂಟಾಗಿ ಕೂಡಿಕೊಂಡದ್ದು ಎರಡನೆಯದು, ಇವೆರಡೂ ಮಲಬದ್ಧತೆ. ನಯವಾಗಿ ಬಾಳೆಹಣ್ಣಿನ ಆಕಾರದಲ್ಲಿ ಬರುವ ನಾಲ್ಕನೆಯದು ನಮ್ಮ ಗುರಿ. ನೀವು ಒಂದರಲ್ಲಿದ್ದೀರಿ. ವಾರಕ್ಕೆ ಎಷ್ಟು ಸಲ ಆಯಿತು ಎಂದು ಲೆಕ್ಕವಿಡುವುದನ್ನು ಬಿಟ್ಟು ಮೂರು, ನಾಲ್ಕರ ಕಡೆಗೆ ಬರುತ್ತಿದೆಯೇ ಎಂದು ನೋಡುತ್ತ ಹೋಗಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ನಿಮ್ಮ ಭಾನುವಾರದ ಹರಳೆಣ್ಣೆ. ಆರೋಗ್ಯವಂತರ ದೊಡ್ಡ ಕರುಳಿನಲ್ಲೂ ಒಂದೆರಡು ದಿನದ, ಕೆಲವರಲ್ಲಿ ಮೂರು ದಿನದ ಮಲ ಇದ್ದೇ ಇರುತ್ತದೆ. ಭೇದಿಗೆ ತಗೊಂಡು ಅದನ್ನೆಲ್ಲ ಒಮ್ಮೆಲೇ ಹೊರಹಾಕಿದರೆ ಸೋಮವಾರ, ಮಂಗಳವಾರ ಬರುವುದಕ್ಕೆ ಒಳಗೆ ಏನೂ ಇರುವುದಿಲ್ಲ. ಬುಧವಾರದ ಹೊತ್ತಿಗೆ 'ಮತ್ತೆ ಕಟ್ಟಿತು' ಎಂದು ಹೆದರಿ ಚೂರ್ಣ ಒಂದು ಚಮಚ ಏರಿಸುತ್ತೀರಿ. ಕರುಳು ತಾನಾಗಿ ತುಂಬಿ ತಾನಾಗಿ ಕರೆಯುವುದಕ್ಕೆ ಪುರುಸೊತ್ತೇ ಸಿಗದ ಹಾಗೆ ಆಗಿದೆ. ಸಣ್ಣವರಿದ್ದಾಗ ರಜೆಯಲ್ಲಿ ಅಜ್ಜಿಯರು ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದರು, ಹೊಟ್ಟೆಯಲ್ಲಿ ಉಳಿದ ಕೊಳೆ ವಿಷವಾಗುತ್ತದೆ ಎಂಬ ಭಾವನೆ ಅದರ ಹಿಂದಿತ್ತು. ಅಜ್ಜಿಯರನ್ನು ದೂರಬೇಕಿಲ್ಲ, ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ವಿಲಿಯಂ ಆರ್ಬತ್‌ನಾಟ್ ಲೇನ್ ಇದೇ ನಂಬಿಕೆಯಿಂದ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಆ ವಾದ ಬಿದ್ದುಹೋಗಿ ಕಾಲವೇ ಆಯಿತು. ಎರಡು ದಿನ ಹೊಟ್ಟೆಯಲ್ಲಿ ನಿಂತ ಮಲ ರಕ್ತಕ್ಕೆ ವಿಷ ಬೆರೆಸುವುದಿಲ್ಲ. ಭಾನುವಾರದ ಹರಳೆಣ್ಣೆಯನ್ನು ಇವತ್ತಿಗೇ ನಿಲ್ಲಿಸಿ.

ಚೂರ್ಣವನ್ನು ಮಾತ್ರ ಒಂದೇ ದಿನಕ್ಕೆ ನಿಲ್ಲಿಸಬೇಡಿ. ಡಬ್ಬಿಯನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ. ಇಂಥ ಚೂರ್ಣಗಳಲ್ಲಿ ಕೆಲಸ ಮಾಡುವುದು ಬಹುಪಾಲು ಸೋನಾಮುಖಿ ಎಲೆ. ಅದು ಕೆಟ್ಟ ಔಷಧವಲ್ಲ. ಕರುಳಿನ ಸ್ನಾಯುವನ್ನು ಚುಚ್ಚಿ ಎಬ್ಬಿಸುತ್ತದೆ, ಆಧುನಿಕ ವೈದ್ಯರೂ ಅದನ್ನು ಬರೆದುಕೊಡುತ್ತಾರೆ. ಹದ ಪ್ರಮಾಣದಲ್ಲಿ ತಗೊಂಡರೆ ಕರುಳು ಸತ್ತೇಹೋಗುತ್ತದೆ ಎಂಬ ಹಳೆಯ ಹೆದರಿಕೆಗೂ ಗಟ್ಟಿ ಆಧಾರ ಸಿಕ್ಕಿಲ್ಲ. ಆದರೆ ಎಷ್ಟು ಸೋನಾಮುಖಿ ಹೋಗುತ್ತಿದೆ ಎಂಬ ಅಳತೆಯೇ ಇಲ್ಲದೆ ಚಮಚ ಏರಿಸುತ್ತ ಹೋಗುವುದು ಸರಿಯಲ್ಲ, ಹೆಚ್ಚಾದರೆ ಹೊಟ್ಟೆ ನುಲಿಯುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹಲವು ಚೂರ್ಣಗಳಲ್ಲಿ ಕರಿ ಉಪ್ಪು, ಸೈಂಧವ ಲವಣ, ಜ್ಯೇಷ್ಠಮಧು ಇರುತ್ತವೆ. ಉಪ್ಪು ಬಿ.ಪಿ. ಏರಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಜ್ಯೇಷ್ಠಮಧು ದಿನವೂ ಹೊಟ್ಟೆಗೆ ಹೋದರೆ ಅದೂ ಬಿ.ಪಿ. ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಒಂದು ಕೈಯಲ್ಲಿ ಬಿ.ಪಿ. ಮಾತ್ರೆ, ಇನ್ನೊಂದು ಕೈಯಲ್ಲಿ ಬಿ.ಪಿ. ಏರಿಸುವ ಚೂರ್ಣ ಬೇಡ.

ಬದಲಿಗೆ ಏನು? ವೈದ್ಯರನ್ನು ಕಂಡು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿಯ ಬಗ್ಗೆ ಕೇಳಿ. ಹೆಸರು ಉದ್ದ, ಕೆಲಸ ಸರಳ. ದೇಹ ಅದನ್ನು ಹೀರಿಕೊಳ್ಳುವುದು ಇಲ್ಲವೆನ್ನುವಷ್ಟು ಕಡಿಮೆ. ಕರುಳಿನೊಳಗೆ ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗಿಡುತ್ತದೆ. ದೊಡ್ಡವರಿಗೆ ಸಾಮಾನ್ಯ ಪ್ರಮಾಣ ದಿನಕ್ಕೆ 17 ಗ್ರಾಂ, ಒಂದು ದೊಡ್ಡ ಲೋಟ ನೀರಿನಲ್ಲಿ ಕಲಕಿ ಕುಡಿಯುವುದು. ಕುಡಿದ ರಾತ್ರಿಯೇ ಫಲ ಕಾಣಬೇಕೆಂದಿಲ್ಲ, ಒಂದರಿಂದ ಮೂರು ದಿನ ಹಿಡಿಯುತ್ತದೆ. ದೀರ್ಘಕಾಲದ ಮಲಬದ್ಧತೆಗೆ ಇವತ್ತು ವೈದ್ಯರು ಹೆಚ್ಚು ನೆಚ್ಚುವ ಔಷಧ ಇದು. ಆರು ತಿಂಗಳು ಸತತವಾಗಿ ಕೊಟ್ಟು ಅಧ್ಯಯನ ಮಾಡಿದ್ದಾರೆ, ಅಷ್ಟು ಕಾಲವೂ ಅದರ ಗುಣ ಕುಗ್ಗಲಿಲ್ಲ, ಪ್ರಮಾಣ ಏರಿಸುತ್ತ ಹೋಗಬೇಕಾಗಿ ಬರಲಿಲ್ಲ. ರೂಢಿಯಾಗುವ ನಿಮ್ಮ ಭಯಕ್ಕೆ ಇದೇ ಉತ್ತರ. ಲ್ಯಾಕ್ಟುಲೋಸ್ ಎಂಬ ಸಿಹಿ ಸಿರಪ್ಪೂ ಇದೇ ಜಾತಿಯದು, 15ರಿಂದ 30 ಮಿಲಿಲೀಟರ್ ಕೊಡುತ್ತಾರೆ, ಆದರೆ ಅದರಿಂದ ಹೊಟ್ಟೆಯುಬ್ಬರ, ಗಾಳಿ ಜಾಸ್ತಿ. ಮೆಗ್ನೀಷಿಯಂ ಇರುವ ಬಿಳಿ ಸಿರಪ್ಪುಗಳನ್ನು ಮೂತ್ರಪಿಂಡ ಸರಿಯಿಲ್ಲದವರು ಮುಟ್ಟಬಾರದು. ಪುಡಿ ಶುರು ಮಾಡಿದ ಮೇಲೆ ಮಲ ಮೆತ್ತಗಾದಂತೆ ಚೂರ್ಣವನ್ನು ಮೂರರಿಂದ ಎರಡು ಚಮಚಕ್ಕೆ, ಎರಡರಿಂದ ಒಂದಕ್ಕೆ, ಕೆಲವು ವಾರಗಳಲ್ಲಿ ಇಳಿಸುತ್ತ ಬಂದು ಬಿಟ್ಟುಬಿಡಿ. ನಡುವೆ ಎಂದಾದರೂ ಮೂರು ದಿನ ಏನೂ ಆಗದಿದ್ದರೆ ಬೆಳಗ್ಗೆ ಒಂದು ಗ್ಲಿಸರಿನ್ ಬತ್ತಿ, ಇಲ್ಲವೇ ರಾತ್ರಿ 5 ಮಿಲಿಗ್ರಾಂನ ಒಂದು ಬಿಸಾಕೋಡಿಲ್ ಮಾತ್ರೆ. ಇದು ಆಪತ್ತಿಗೆ ಇಟ್ಟುಕೊಳ್ಳುವಂಥದ್ದು, ನಿತ್ಯದ ಕ್ರಮವಲ್ಲ. ಇವಕ್ಕೆಲ್ಲ ಬಗ್ಗದವರಿಗೆ ಪ್ರುಕಲೊಪ್ರೈಡ್‌ನಂಥ ಬೇರೆ ಮಾತ್ರೆಗಳೂ ಇವೆ, ಅವು ತಜ್ಞರ ಕೈಯಲ್ಲಿರಲಿ.

ಇಸಬಗೋಲು ನಮ್ಮ ನಾಡಿನ ಒಳ್ಳೆಯ ಔಷಧ. ಗುಜರಾತ್, ರಾಜಸ್ಥಾನಗಳಲ್ಲಿ ಬೆಳೆದು ಜಗತ್ತಿಗೆಲ್ಲ ಹೋಗುತ್ತದೆ. ಆದರೆ ಅದನ್ನು ಬಹಳಷ್ಟು ಮಂದಿ ತಪ್ಪಾಗಿ ತಿನ್ನುತ್ತಾರೆ. ಒಂದು ಚಮಚ ಹೊಟ್ಟನ್ನು ಕಾಲು ಲೋಟ ನೀರಿನಲ್ಲಿ ಹಾಕಿ ಐದು ನಿಮಿಷ ಬಿಟ್ಟು ನೋಡಿ. ಇದ್ದಬದ್ದ ನೀರನ್ನೆಲ್ಲ ಹೀರಿ ಗಟ್ಟಿ ಲೋಳೆಯಾಗಿ ಲೋಟ ಬೋರಲು ಹಾಕಿದರೂ ಬೀಳದ ಹಾಗೆ ನಿಲ್ಲುತ್ತದೆ. ನೀರು ಸಾಲದೆ ನುಂಗಿದರೆ ಹೊಟ್ಟೆಯಲ್ಲೂ ಆಗುವುದು ಅದೇ. ಆದ್ದರಿಂದ ಒಂದು ಚಮಚಕ್ಕೆ ತುಂಬಿದ ಲೋಟ ನೀರು, ಕಲಕಿದ ಕೂಡಲೇ ಕುಡಿಯುವುದು, ಮೇಲೆ ಇನ್ನರ್ಧ ಲೋಟ ನೀರು. ಹಾಸಿಗೆಗೆ ಹೋಗುವ ಮುಂಚೆ ಒಂದು ಗುಟುಕು ನೀರಲ್ಲಿ ನುಂಗಿ ಮಲಗುವ ಅಭ್ಯಾಸ ಬೇಡ. ಬಿ.ಪಿ. ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಮುಖ್ಯವಾದದ್ದು, ಒಳಗೆ ಗಟ್ಟಿ ಮಲ ಕಟ್ಟಿಕೊಂಡಿರುವಾಗ ಇಸಬಗೋಲು ಶುರು ಮಾಡಬಾರದು. ನೀವು ಇವತ್ತಿರುವ ಸ್ಥಿತಿಯಲ್ಲಿ ಮೊದಲು ಪುಡಿಯಿಂದ ಹಾದಿ ತೆರವಾಗಲಿ, ಆಮೇಲೆ ಇಸಬಗೋಲಿನ ಯೋಚನೆ.

ಊಟದ ವಿಷಯ ನೀವು ಬರೆದಿಲ್ಲ. ನಾರಿನಂಶ ದಿನಕ್ಕೆ 25ರಿಂದ 30 ಗ್ರಾಂ ಬೇಕು. ನಿಮ್ಮ ಸೀಮೆಯ ಹಳೆಯ ಊಟದಲ್ಲಿ ಅದು ತಾನಾಗಿ ಸಿಗುತ್ತಿತ್ತು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, ರಾಗಿಯಲ್ಲಿ 11. ಪಾಲಿಶ್ ಮಾಡಿದ ಅಕ್ಕಿಯಲ್ಲಿ, ಮೈದಾದಲ್ಲಿ ಮೂರಕ್ಕೂ ಕಡಿಮೆ. ಎರಡು ಜೋಳದ ರೊಟ್ಟಿ, ಹೆಸರುಕಾಳಿನದೋ ಮಡಿಕೆಕಾಳಿನದೋ ಪಲ್ಯ, ಪುಂಡಿಪಲ್ಯ, ಮಗ್ಗುಲಲ್ಲಿ ಹಸಿ ಹಕ್ಕರಕಿ, ಮೆಂತೆ ಸೊಪ್ಪು, ಸೌತೆಕಾಯಿ, ಗಜ್ಜರಿ. ಇದಕ್ಕಿಂತ ಒಳ್ಳೆಯ ಚೀಟಿಯನ್ನು ಯಾವ ಡಾಕ್ಟರೂ ಬರೆಯಲಾರರು. ಬಸ್ಸಿನ ಗಡಿಬಿಡಿಯಲ್ಲಿ ಅದು ರವೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ಸಂಜೆ ಚಹಾ ಬಿಸ್ಕತ್ತಿಗೆ ಇಳಿದಿದ್ದರೆ ಮೊದಲು ಮಧ್ಯಾಹ್ನದ ಡಬ್ಬಿಗೆ ರೊಟ್ಟಿ ಪಲ್ಯ ವಾಪಸು ಬರಲಿ. ದಿನಕ್ಕೊಂದು ಪೇರಲ ಅಥವಾ ಎರಡು ಹೋಳು ಪಪ್ಪಾಯಿ ಸಾಕು. ಒಂದೇ ವಾರದಲ್ಲಿ ಎಲ್ಲವನ್ನೂ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ನಿಧಾನವಾಗಿ ಏರಿಸಿ. ನಾರು ಹೆಚ್ಚಿಸಿದಷ್ಟೂ ಕಷ್ಟ ಹೆಚ್ಚಾಯಿತು ಎಂದರೆ ಅದೂ ಒಂದು ಸುಳಿವು, ಅದನ್ನು ಮುಂದೆ ಹೇಳುತ್ತೇನೆ.

ನೀರು ಕುಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಿಮಗೆ ಹತ್ತು ಜನ ಹೇಳಿರುತ್ತಾರೆ. ಸಾಕಷ್ಟು ಕುಡಿಯುವವರು ಮೇಲೆ ಎರಡು ಲೀಟರ್ ಕುಡಿದರೆ ಅದು ಮೂತ್ರವಾಗಿ ಹೋಗುತ್ತದೆ, ಅಷ್ಟೇ. ಆದರೆ ನೀವು ಸಾಕಷ್ಟು ಕುಡಿಯುತ್ತಿಲ್ಲ. ಗದಗಿನ ಬಿಸಿಲಿನಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಪಾಠ ಹೇಳುವ ಗಂಟಲಿಗೆ ನೀರಿಲ್ಲವೆಂದರೆ ದೇಹ ಅದನ್ನು ಮಲದಿಂದಲೇ ಹೀರಿಕೊಳ್ಳುತ್ತದೆ. ಉರಿಮೂತ್ರ, ಕಿಡ್ನಿ ಕಲ್ಲಿಗೂ ಅದೇ ಹಾದಿ.

ಈಗ ಬೆಳಗಿನ ಹೊತ್ತು. ರಾತ್ರಿಯಿಡೀ ದೊಡ್ಡ ಕರುಳು ಹೆಚ್ಚೂಕಡಿಮೆ ಮಲಗಿರುತ್ತದೆ. ನಾವು ಎದ್ದಾಗ ಅದೂ ಎಚ್ಚರಗೊಳ್ಳುತ್ತದೆ, ಹೊಟ್ಟೆಗೆ ಏನಾದರೂ ಬಿದ್ದೊಡನೆ ಇನ್ನೂ ಜೋರಾಗಿ ಅಲುಗುತ್ತದೆ. ಇಡೀ ದಿನದಲ್ಲಿ ಮಲವನ್ನು ಮುಂದೂಡುವ ದೊಡ್ಡ ಅಲೆಗಳು ಬರುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ನೀವು ಆ ಹೊತ್ತಿಗೆ ರೊಟ್ಟಿ ಬಡಿಯುತ್ತ, ಡಬ್ಬಿ ಕಟ್ಟುತ್ತ, ಗಡಿಯಾರ ನೋಡುತ್ತ ನಿಂತಿರುತ್ತೀರಿ. ನನ್ನ ಸಲಹೆ ಇಷ್ಟು: ಎದ್ದ ಕೂಡಲೇ ಒಂದು ಲೋಟ ಬಿಸಿನೀರು ಅಥವಾ ಚಹಾ, ಜೊತೆಗೆ ಏನಾದರೂ ತಿನ್ನಿ, ಒಂದು ಬಾಳೆಹಣ್ಣಾದರೂ ಸರಿ. ಇಪ್ಪತ್ತು ನಿಮಿಷ ಬಿಟ್ಟು, ಕರೆ ಬಂದಿರಲಿ ಬಿಡಲಿ, ಹೋಗಿ ಕೂರಿ. ಹತ್ತು ನಿಮಿಷ ಮೀರಬೇಡಿ. ಫೋನು ಹೊರಗಿರಲಿ. ಆಗದಿದ್ದರೆ ಬೇಸರಪಡದೆ ಎದ್ದು ಬನ್ನಿ, ನಾಳೆ ಮತ್ತೆ ಅದೇ ಹೊತ್ತಿಗೆ ಕೂರಿ. ಅರ್ಧ ಗಂಟೆ ತಿಣುಕುವುದರಿಂದ ಮೂಲವ್ಯಾಧಿ, ಬಿರುಕು ಬರುತ್ತವೆಯೇ ಹೊರತು ಹೊಟ್ಟೆ ಸಾಫಾಗುವುದಿಲ್ಲ. ಕರುಳಿಗೆ ಈ ವೇಳೆ ಒಗ್ಗಲು ವಾರಗಳೇ ಬೇಕು.

ಕೂರುವ ಭಂಗಿಯೂ ಮುಖ್ಯ. ಮಲಾಶಯದ ಸುತ್ತ ಒಂದು ಸ್ನಾಯುಪಟ್ಟಿ ಕುಣಿಕೆ ಹಾಕಿ ಅದನ್ನು ಮುಂದಕ್ಕೆ ಎಳೆದು ಹಿಡಿದಿರುತ್ತದೆ, ಹಾಗಾಗಿಯೇ ನಾವು ಓಡಾಡುವಾಗ ಮಲ ಜಾರುವುದಿಲ್ಲ. ಕುಕ್ಕರಗಾಲಲ್ಲಿ ಕೂತಾಗ ಆ ಕುಣಿಕೆ ಸಡಿಲಾಗಿ ಹಾದಿ ನೇರವಾಗುತ್ತದೆ. ಮೊಣಕಾಲು ನೋವಿನಿಂದ ನೀವು ಕಮೋಡ್ ಬಳಸುತ್ತಿರಬಹುದು. ಹಾಗಿದ್ದರೆ ಕಾಲ ಕೆಳಗೆ ಏಳೆಂಟು ಇಂಚು ಎತ್ತರದ ಪ್ಲಾಸ್ಟಿಕ್ ಸ್ಟೂಲು ಇಟ್ಟುಕೊಳ್ಳಿ, ಮೊಣಕಾಲು ಸೊಂಟಕ್ಕಿಂತ ಮೇಲೆ ಬರಲಿ. ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಊರಿ, ಉಸಿರು ಬಿಗಿಹಿಡಿಯದೆ ಬಾಯಿಂದ ನಿಧಾನವಾಗಿ ಬಿಡುತ್ತ ಹೊಟ್ಟೆಯನ್ನು ಹೊರಕ್ಕೆ ಉಬ್ಬಿಸಿ.

ಇನ್ನು ನೀವು ನಾಚಿಕೆಯಿಂದ ಬರೆದ ಮಾತು, ಬೆರಳಿನಿಂದ ಒತ್ತುವುದು. ಇದನ್ನು ಬರೆದದ್ದು ಬಹಳ ಒಳ್ಳೆಯದಾಯಿತು. ಎಷ್ಟೋ ಹೆಂಗಸರು ಇದನ್ನು ಮಾಡುತ್ತಾರೆ, ಯಾರೂ ಹೇಳುವುದಿಲ್ಲ, ಡಾಕ್ಟರುಗಳು ಕೇಳುವುದೂ ಇಲ್ಲ. ವೈದ್ಯರಿಗೆ ಇದು ದೊಡ್ಡ ಸುಳಿವು. ಕೆಲವರಲ್ಲಿ ಮಲ ಕೆಳಗಿನವರೆಗೆ ಸರಿಯಾಗಿಯೇ ಬಂದಿರುತ್ತದೆ, ಆದರೆ ತಿಣುಕುವಾಗ ಸಡಿಲಾಗಬೇಕಾದ ಗುದದ ಸ್ನಾಯು ಉಲ್ಟಾ ಬಿಗಿಯುತ್ತದೆ. ವರ್ಷಗಟ್ಟಲೆ ತಡೆದವರಲ್ಲಿ ಈ ತಪ್ಪು ಅಭ್ಯಾಸ ಕಾಣಸಿಗುತ್ತದೆ. ಇಂಥವರಿಗೆ ಎಷ್ಟು ನಾರು ತಿನ್ನಿಸಿದರೂ ಬಾಗಿಲಲ್ಲಿ ದಟ್ಟಣೆ ಹೆಚ್ಚುತ್ತದೆಯೇ ಹೊರತು ಉಪಯೋಗವಿಲ್ಲ. ನಾರಿನ ಬಗ್ಗೆ ಆಗ ಹೇಳಿದ ಸುಳಿವು ಇದೇ. ಇನ್ನು ಕೆಲವರಲ್ಲಿ, ಅದರಲ್ಲೂ ಕಷ್ಟದ ಹೆರಿಗೆಯಾದವರಲ್ಲಿ, ಮಲಾಶಯಕ್ಕೂ ಯೋನಿಗೂ ನಡುವಿನ ಗೋಡೆ ಸಡಿಲಾಗಿ, ತಿಣುಕಿದಾಗ ಮಲ ಹೊರಗೆ ಬರುವ ಬದಲು ಆ ಕಡೆಗೆ ಉಬ್ಬಿ ನಿಲ್ಲುತ್ತದೆ. ಯೋನಿಯ ಕಡೆಯಿಂದ ಒತ್ತಿದರೆ ಹೋಗುತ್ತದೆ ಎನ್ನುವವರಲ್ಲಿ ಇದೇ ಇರುವುದು ಹೆಚ್ಚು. ನೀವು ಎಲ್ಲಿ ಒತ್ತುತ್ತೀರಿ ಎಂಬುದನ್ನೂ ವೈದ್ಯರಿಗೆ ಹೇಳಿ.

ಇದನ್ನು ಕಂಡುಹಿಡಿಯುವ ಮೊದಲ ಪರೀಕ್ಷೆಗೆ ಯಂತ್ರ ಬೇಡ. ವೈದ್ಯರು ಗ್ಲೌಸ್ ಹಾಕಿ ಬೆರಳಿನಿಂದ ಗುದವನ್ನು ಪರೀಕ್ಷಿಸಿ, 'ಈಗ ತಿಣುಕಿ' ಎಂದಾಗ ಸ್ನಾಯು ಸಡಿಲಾಗುತ್ತದೋ ಬಿಗಿಯುತ್ತದೋ ನೋಡುತ್ತಾರೆ. ಎರಡು ನಿಮಿಷದ ಕೆಲಸ. ದೀರ್ಘಕಾಲದ ಮಲಬದ್ಧತೆಗೆ ಈ ಪರೀಕ್ಷೆ ಮಾಡದೆ ಬರೀ ಸಿರಪ್ಪು ಬರೆದುಕೊಟ್ಟು ಕಳಿಸುವುದು ಅರ್ಧ ಚಿಕಿತ್ಸೆ. ಮಹಿಳಾ ವೈದ್ಯರೇ ಬೇಕೆಂದು, ನರ್ಸ್ ಜೊತೆಗಿರಬೇಕೆಂದು ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಅನುಮಾನ ಬಂದರೆ ದೊಡ್ಡ ಊರಿನ ಗ್ಯಾಸ್ಟ್ರೋಎಂಟರಾಲಜಿ ವಿಭಾಗಕ್ಕೆ ಕಳಿಸುತ್ತಾರೆ. ಅಲ್ಲಿ ಗುದದ ಒತ್ತಡ ಅಳೆಯುವ ಪರೀಕ್ಷೆ ಇದೆ, ನೀರು ತುಂಬಿದ ಸಣ್ಣ ಬಲೂನನ್ನು ಹೊರಹಾಕಲು ಎಷ್ಟು ಹೊತ್ತು ಬೇಕೆಂದು ನೋಡುವ ಪರೀಕ್ಷೆ ಇದೆ. ಸ್ನಾಯುವಿನ ತಪ್ಪು ಅಭ್ಯಾಸವೇ ಕಾರಣವೆಂದು ತಿಳಿದರೆ ಚಿಕಿತ್ಸೆ ಔಷಧವಲ್ಲ, ತರಬೇತಿ. ಬಯೋಫೀಡ್‌ಬ್ಯಾಕ್ ಎನ್ನುತ್ತಾರೆ. ತೆರೆಯ ಮೇಲೆ ತಮ್ಮ ಸ್ನಾಯುವಿನ ಬಿಗಿತವನ್ನು ತಾವೇ ನೋಡುತ್ತ ಅದನ್ನು ಸಡಿಲಿಸಲು ಕಲಿಯುತ್ತಾರೆ. ಹೀಗೆ ಕಲಿತವರಲ್ಲಿ ಹೆಚ್ಚಿನವರು ಚೂರ್ಣವಿಲ್ಲದೆ ನೆಮ್ಮದಿಯಾಗಿದ್ದಾರೆ.

ನಿಮ್ಮ ಮೂರು ಮಾತ್ರೆಗಳ ಬಗ್ಗೆಯೂ ಹೇಳಬೇಕು. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಮಲ ಗಟ್ಟಿ ಮಾಡುತ್ತವೆ. ಅಮ್ಲೋಡಿಪಿನ್ ಕೂಡ ಕೆಲವರಿಗೆ ಹಾಗೆ ಮಾಡುತ್ತದೆ. ಮೂರೂ ಒಟ್ಟಿಗೆ ನಿಮ್ಮ ಪಾಲಿಗೆ ಬಂದಿವೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ, ಅದರಲ್ಲೂ ಬಿ.ಪಿ. ಮಾತ್ರೆಯನ್ನು. ಆದರೆ ಕೇಳಿ: ಕಬ್ಬಿಣದ ಮಾತ್ರೆಯನ್ನು ದಿನ ಬಿಟ್ಟು ದಿನ ಕೊಡಬಹುದೇ, ಮೊಣಕಾಲು ನೋವಿಗೆ ಕ್ಯಾಲ್ಸಿಯಂ ನಿಜಕ್ಕೂ ಬೇಕೇ, ಬಿ.ಪಿ.ಗೆ ಬೇರೆ ಗುಂಪಿನ ಮಾತ್ರೆ ಆಗುತ್ತದೆಯೇ ಎಂದು. ಹಾಗೆಯೇ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಕ್ಯಾಲ್ಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಒಮ್ಮೆ ಆಗಲಿ. ನಿಮ್ಮ ವಯಸ್ಸಿನಲ್ಲಿ ಥೈರಾಯ್ಡ್ ಕುಗ್ಗಿ ಮಲ ಕಟ್ಟುವುದು ಅಪರೂಪವಲ್ಲ.

ಶಾಲೆಯ ಶೌಚಾಲಯದ ಮಾತಿಗೆ ಬರದೆ ಈ ಉತ್ತರ ಮುಗಿಸಿದರೆ ನಾನು ನಿಮಗೆ ಮೋಸ ಮಾಡಿದ ಹಾಗೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಯಲ್ಲೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು ಇರಲೇಬೇಕೆನ್ನುತ್ತದೆ. ಕಟ್ಟಡ ಬಹುಶಃ ನಿಮ್ಮಲ್ಲೂ ಇದೆ. ನೀರಿಲ್ಲ, ಚಿಲಕವಿಲ್ಲ, ತೊಳೆಯುವವರಿಲ್ಲ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಯಲ್ಲಿ ಇದನ್ನು ಎತ್ತಿ, ಬರವಣಿಗೆಯಲ್ಲಿ ಕೊಡಿ, ಗ್ರಾಮ ಪಂಚಾಯಿತಿಗೂ ಒಂದು ಪ್ರತಿ ಹೋಗಲಿ. ನಿಮ್ಮೊಬ್ಬರ ಹೊಟ್ಟೆಯ ಮಾತಾಗಿ ಹೇಳಲು ಮುಜುಗರವಾದರೆ ನಿಮ್ಮ ತರಗತಿಯ ಹೆಣ್ಣುಮಕ್ಕಳ ಮಾತಾಗಿ ಹೇಳಿ, ಅದೂ ನಿಜವೇ. ಆರು, ಏಳನೆಯ ತರಗತಿಯ ಹುಡುಗಿಯರು ನೀರಿನ ಬಾಟಲಿಯನ್ನು ತುಂಬಿದ ಹಾಗೆಯೇ ಮನೆಗೆ ಒಯ್ಯುವುದನ್ನು ನೀವೂ ಕಂಡಿರುತ್ತೀರಿ.

ಮನೆಯವರಿಗೂ ಹೇಳಿ. ಬೆಳಗಿನ ಆ ಹತ್ತು ನಿಮಿಷ ನಿಮಗೆ ಸಿಗಬೇಕಾದರೆ ಒಲೆಯ ಮೇಲಿನ ಹಾಲನ್ನು ಬೇರೆ ಯಾರಾದರೂ ನೋಡಿಕೊಳ್ಳಬೇಕು, ಡಬ್ಬಿಯನ್ನು ಬೇರೆ ಯಾರಾದರೂ ಕಟ್ಟಬೇಕು. ಎಂಟು ವರ್ಷ ಒಬ್ಬರೇ ಅನುಭವಿಸಿದ್ದೀರಿ, ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಒಂದು ಎಚ್ಚರಿಕೆ ನೆನಪಿರಲಿ. ಹೊಟ್ಟೆ ಬಿಗಿದು ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದೆ ನಿಂತರೆ ಅದು ಕರುಳಿನಲ್ಲಿ ಅಡಚಣೆಯಾದ ಲಕ್ಷಣ. ಆಗ ಚೂರ್ಣವನ್ನಾಗಲಿ ಹರಳೆಣ್ಣೆಯನ್ನಾಗಲಿ ಕುಡಿಯದೆ, ಅಪರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಇನ್ನೊಂದನ್ನೂ ಗಮನಿಸಿ. ದಿನಗಟ್ಟಲೆ ಕಟ್ಟಿದ ಮೇಲೆ ಏಕಾಏಕಿ ತೆಳ್ಳಗೆ ಸೋರಲು ಶುರುವಾದರೆ ಭೇದಿ ಎಂದು ತಿಳಿದು ಅದನ್ನು ನಿಲ್ಲಿಸುವ ಮಾತ್ರೆ ಕೊಡಬಾರದು. ಒಳಗೆ ಕಟ್ಟಿದ ಮಲದ ಸುತ್ತಿನಿಂದ ಸೋರುವುದು ಹಾಗೆಯೇ ಇರುತ್ತದೆ.

ಈ ತಿಂಗಳೊಳಗೆ ಒಂದು ದಿನ ರಜೆ ಹಾಕಿ ವೈದ್ಯರನ್ನು ಕಾಣಿ. ಚೂರ್ಣದ ಡಬ್ಬಿ, ಮೂರೂ ಮಾತ್ರೆಗಳ ಚೀಟಿ ಜೊತೆಗಿರಲಿ. ಎದುರು ಕೂತಾಗ ಬಾಯಿ ಬರದಿದ್ದರೆ ನನಗೆ ಬರೆದ ಪತ್ರದ ನಕಲನ್ನೇ ಅವರ ಕೈಗೆ ಕೊಡಿ, ಬೆರಳಿನ ಸಾಲನ್ನು ಮಾತ್ರ ಅಳಿಸಬೇಡಿ.